ಎರಡೂವರೆ ಇಂಚಿನ ಪ್ರವಾಸ

ಕ್ರೂಸರ್ ಬೈಕ್ ಕೊಟ್ಟು ದೂರ ಪ್ರಯಾಣದ ಟೂರಿಂಗ್ ಬೈಕ್ ತರಬೇಕೆಂದಿದ್ದೇನೆ ಎಂದು ನಾನು ಬಾಯಿ ಬಿಟ್ಟಾಗ ಸಂಜೆ ಆರು ಗಂಟೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯ ಚಹಾದ ಅಂಗಡಿಯಲ್ಲಿ ಅಲ್ಲಿಯವರೆಗೆ ತೊಗರಿ ದರದ ಚರ್ಚೆ ನಡೆದಿತ್ತು. ಚರ್ಚೆ ತೊಗರಿಯನ್ನು ಅಲ್ಲೇ ಬಿಟ್ಟು ನನ್ನನ್ನು ಹಿಡಿದುಕೊಂಡಿತು.

ನಮ್ಮ ಕೂಟದಲ್ಲಿ ನಾಲ್ವರು. ನೋಟರಿ ಮುದ್ರೆಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ವಕೀಲ, ಎಲ್ಲವನ್ನೂ ಭಾಗಿಸಿ ನೋಡುವ ಗಣಿತದ ಮಾಸ್ತರ್, ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನಾದರೂ ನಾವು ಸೇಠ ಎಂದೇ ಕರೆಯುವ ಗೆಳೆಯ, ಮತ್ತು ನಾನು. ಎದುರಿಗೆ ಗ್ಯಾರೇಜು. ಅದರ ಮಿಸ್ತ್ರಿ ಕೂಟದ ಸದಸ್ಯನಲ್ಲ. ಆದರೆ ಪಾನಾ ತಿರುಗಿಸುತ್ತಲೇ ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾನೆ.

ನನ್ನ ಕ್ರೂಸರ್ ರಾಯಲ್ ಎನ್‌ಫೀಲ್ಡ್ ಕಂಪನಿಯ ಮೀಟಿಯರ್ 350. ತಗ್ಗು ಸೀಟು, ಮುಂದಕ್ಕೆ ಚಾಚಿದ ಕಾಲು, ಅಗಲ ಹ್ಯಾಂಡಲ್. ಮದುವೆ ಮನೆಯ ಸೋಫಾದಲ್ಲಿ ಕುಳಿತ ಬೀಗರಂತೆ ಕೂಡಬಹುದು. ತರಬೇಕೆಂದಿರುವುದು ಅದೇ ಕಂಪನಿಯ ಹಿಮಾಲಯನ್ 450. ಎತ್ತರದ ಸೀಟು, 21 ಇಂಚಿನ ಮುಂದಿನ ಗಾಲಿ, 17 ಲೀಟರ್ ಟ್ಯಾಂಕು.

"ಇದಕ್ಕೆ ಏನಾಗಿದೆ?" ಎಂದ ವಕೀಲ.

"ಇದಕ್ಕೇನೂ ಆಗಿಲ್ಲ. ನನ್ನ ಸೊಂಟಕ್ಕೆ ಆಗಿದೆ."

ನಮ್ಮ ಕಡೆಯ ರಸ್ತೆಯ ಗುಣ ಹೊರಗಿನವರಿಗೆ ತಿಳಿಯುವುದಿಲ್ಲ. ಕೆಳಗಿರುವುದು ಎರೆ ಮಣ್ಣು. ಮಳೆಗಾಲದಲ್ಲಿ ಹಿಟ್ಟಿನಂತೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರಿಗೆ ಅದರ ತಾಳಕ್ಕೆ ಕುಣಿಯದೆ ಗತಿಯಿಲ್ಲ. ಬೇರೆ ಗಾಡಿಯಾದರೆ ಕಾಲು ಕೆಳಗೇ ಇರುತ್ತದೆ. ಗುಂಡಿ ಕಂಡ ಕೂಡಲೇ ಸವಾರ ಫುಟ್‌ರೆಸ್ಟಿನ ಮೇಲೆ ಅರ್ಧ ಎದ್ದು ನಿಂತರೆ ಏಟು ಮೊಣಕಾಲಿನಲ್ಲೇ ಮುಗಿಯುತ್ತದೆ. ಕ್ರೂಸರಿನಲ್ಲಿ ಕಾಲು ಮುಂದಿರುವುದರಿಂದ ಏಳಲು ನೋಡುವುದೆಂದರೆ ಆರಾಮ ಕುರ್ಚಿಯಲ್ಲಿ ಒರಗಿದವನು ಕೈಯೂರದೆ ಏಳಲು ಹೆಣಗಿದಂತೆ. ಪ್ರತಿ ಗುಂಡಿಯ ವರದಿಯೂ ನೇರ ಬೆನ್ನುಹುರಿಗೆ ಸಲ್ಲುತ್ತದೆ.

ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮಾಸ್ತರ್ ಎದ್ದು ಹೋಗಿ ನನ್ನ ಗಾಡಿಯ ಮೀಟರ್ ನೋಡಿ ಬಂದಿದ್ದ. ಅವನ ಕೈಯಲ್ಲಿ ಸೀಮೆಸುಣ್ಣವಿಲ್ಲದಿದ್ದರೂ ಬೆರಳು ಗಾಳಿಯಲ್ಲಿ ಬರೆಯುತ್ತಿತ್ತು.

"ನಾಲ್ಕು ವರ್ಷ, ಅಂದರೆ 1,461 ದಿನ. ಓಡಿದ್ದು 11,400 ಕಿಲೋಮೀಟರ್. ದಿನಕ್ಕೆ ಎಂಟೂ ಪೂರ್ತಿ ಆಗಲಿಲ್ಲ. ನಮ್ಮ ಹಾಲಿನವನ ಸೈಕಲ್ ಇದಕ್ಕಿಂತ ಹೆಚ್ಚು ಓಡುತ್ತದೆ. ಅವನು ಯಾವತ್ತಾದರೂ ಟೂರಿಂಗ್ ಸೈಕಲ್ ಕೇಳಿದ್ದಾನೆಯೇ?"

ಬೀದರ್ ಕೋಟೆಗೆ ಹೋಗಿದ್ದನ್ನು ನೆನಪಿಸಿದೆ. ಅದು ಹುಮನಾಬಾದಿನ ಮೇಲೆ ನೂರಾ ಹತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಸೇಠ ನಕ್ಕ. ಅಂದು ಹಿಂದೆ ಕುಳಿತವನು ಅವನೇ. ನಾವು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಂತೆವು, ಗೊನೆಯ ಚೌಕಾಸಿಯಲ್ಲಿ ಒಂದು ಗಂಟೆ ಕಳೆಯಿತು, ಬಿಸಿಲೇರಿತು, ಗೊನೆ ಕಟ್ಟಿಕೊಂಡು ಮನೆಗೆ ಬಂದೆವು. ಬೀದರ್ ಕೋಟೆ ಇಂದಿಗೂ ನನ್ನ ದಾರಿ ಕಾಯುತ್ತಿದೆ. ಮಳಖೇಡ ಬರೀ ನಲವತ್ತು ಕಿಲೋಮೀಟರ್, ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ದಂಡೆಯ ಆ ಕೋಟೆಯನ್ನೂ ನಾನು ಬಸ್ಸಿನ ಕಿಟಕಿಯಿಂದಲೇ ನೋಡಿದವನು. ಇದನ್ನು ಅಲ್ಲಿ ಹೇಳಲಿಲ್ಲ. ಎಲ್ಲವನ್ನೂ ವಕೀಲರ ಮುಂದೆ ಹೇಳಬಾರದು.

ಆದರೂ ವಕೀಲ ತನ್ನ ಸರದಿ ಬಿಡಲಿಲ್ಲ. "2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದದ್ದು ಗೊತ್ತಿದೆಯೇ? 350 ಸಿಸಿವರೆಗಿನ ಗಾಡಿಗೆ ಶೇಕಡಾ 28 ಇದ್ದದ್ದು 18 ಆಯಿತು. ಅದರ ಮೇಲಿನದಕ್ಕೆ 40. ನಿನ್ನ ಗಾಡಿ 349 ಸಿಸಿ, ಒಂದು ಸಿಸಿಯ ಅಂತರದಲ್ಲಿ ಬಡವರ ಪಟ್ಟಿಯಲ್ಲಿ ಉಳಿದಿದೆ. ನೀನು ತರುವುದು 452. ಅದು ಸಾವ್ಕಾರರ ಸಾಲಿನದು."

"ನನ್ನದರ ತೆರಿಗೆ ಇಳಿದದ್ದು ಒಳ್ಳೆಯದೇ ಅಲ್ಲವೇ?"

"ಕೊಳ್ಳುವವನಿಗೆ ಒಳ್ಳೆಯದು. ನೀನು ಮಾರುವವನು. ಹೊಸದೇ ಅಗ್ಗವಾದಾಗ ನಿನ್ನ ಹಳೆಯದಕ್ಕೆ ಯಾರು ಮೊದಲಿನ ಬೆಲೆ ಕೊಡುತ್ತಾರೆ? ಕೊಡುವಾಗ ಇಳಿದ ಬೆಲೆ, ತರುವಾಗ ಏರಿದ ಬೆಲೆ. ಎರಡೂ ಕಡೆಯಿಂದ ಹೊಡೆಸಿಕೊಳ್ಳುವ ಕಲೆಯನ್ನು ಮದ್ದಳೆಯ ನಂತರ ನಿನ್ನಲ್ಲೇ ಕಂಡೆ."

ಸತ್ಯವಾಗಿ ಹೇಳುವುದಾದರೆ ಆ ವಾರ ಒಬ್ಬ ಹಳೆ ಗಾಡಿಯ ವ್ಯಾಪಾರಿ ನನ್ನ ಗಾಡಿಗೆ ಹೇಳಿದ ಬೆಲೆಯಲ್ಲಿ ಹಾಲು ಕೊಡುವ ಎಮ್ಮೆ ಬರುತ್ತಿರಲಿಲ್ಲ. ವಕೀಲ ಫೀಸಿಲ್ಲದೆ ಕೊಟ್ಟ ಒಂದೇ ಸಲಹೆಯನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು: ಗಾಡಿ ಮಾರಿದರೂ ವಿಮೆಯ ನೋ ಕ್ಲೇಮ್ ಬೋನಸ್ ಅದರ ಜೊತೆ ಹೋಗಲು ಬಿಡಬಾರದು. ಅದು ಗಾಡಿಯದಲ್ಲ, ಮಾಲೀಕನದು. ನಾಲ್ಕು ವರ್ಷ ಕ್ಲೇಮ್ ಮಾಡದವನಿಗೆ ಸ್ವಂತ ಗಾಡಿಯ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಶೇಕಡಾ 45 ಕಡಿತ ಸಿಗುತ್ತದೆ; ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಗಾಡಿಗೆ ಹಚ್ಚಿಕೊಳ್ಳಬಹುದು. "ಅಪಘಾತ ಆಗಬೇಕಾದರೆ ಗಾಡಿ ಓಡಬೇಕಲ್ಲ" ಎಂದು ಮಾಸ್ತರ್ ಸೇರಿಸಿದ.

ಹೊಸ ಗಾಡಿಯ ಎಂಜಿನ್ನಿಗೆ ಲಿಕ್ವಿಡ್ ಕೂಲಿಂಗ್, ಅಂದರೆ ದ್ರವ ಹರಿಸಿ ತಣ್ಣಗೆ ಮಾಡುವ ವ್ಯವಸ್ಥೆ ಇದೆ ಎಂದೆ. ಮೇ ತಿಂಗಳಿನಲ್ಲಿ ನಮ್ಮ ಟ್ಯಾಂಕಿಯ ನೀರಿನಲ್ಲಿ ಬೇಳೆ ಬೇಯುತ್ತದೆ, ಅದು ಯಾವುದನ್ನು ತಣ್ಣಗೆ ಮಾಡುತ್ತದೆ ಎಂದು ಸೇಠ ಕೇಳಿದ. ಉತ್ತರವಿಲ್ಲದ್ದರಿಂದ ಮಿರ್ಚಿ ಭಜಿ ತರಿಸಿದೆ.

ಭಜಿ ತಿನ್ನುತ್ತ ಮಾಸ್ತರ್ ಮೂಲ ಪ್ರಶ್ನೆಗೆ ಬಂದ. "ಸೀಟಿನ ಎತ್ತರ ಎಷ್ಟು?"

"ನನ್ನದು 765 ಮಿಲಿಮೀಟರ್. ಅದು 825."

"ನಿನ್ನದು ಐದು ಅಡಿ ನಾಲ್ಕು ಇಂಚು." ಇಷ್ಟು ಹೇಳಿ ಪಕ್ಕದ ದರ್ಜಿಯ ಅಂಗಡಿಯಿಂದ ಟೇಪು ತಂದ. 765 ಎಂದರೆ ಮೂವತ್ತು ಇಂಚು, 825 ಎಂದರೆ ಮೂವತ್ತೆರಡೂವರೆ. ನಾವು ಕೂಡುವ ಶಹಾಬಾದ್ ಪರಸಿ ಕಲ್ಲಿನ ಕಟ್ಟೆ ಹದಿನೆಂಟು ಇಂಚು ಇತ್ತು. ಸೇಠನ ಸ್ಕೂಟರಿನ ಮೇಲೆ ಮೂವತ್ತು ಕಿಲೋದ ಎರಡು ಚೀಲ ತೊಗರಿಬೇಳೆ ಇದ್ದವು. ಅನ್ನದ ಮೇಲೆ ಕುಂಡೆ ಊರಬಾರದು ಎಂದು ಸೇಠ ಹಟ ಹಿಡಿದ. ಟವೆಲ್ ಹಾಸಿದರೆ ದೋಷವಿಲ್ಲ ಎಂದು ವಕೀಲ ತೀರ್ಪು ಕೊಟ್ಟ. ಕಟ್ಟೆಯ ಮೂಲೆಯಲ್ಲಿ ಚೀಲದ ಮೇಲೆ ಚೀಲ ಇಟ್ಟು ತಟ್ಟಿ ಸಮ ಮಾಡಿದರೆ ಸರಿಯಾಗಿ ಮೂವತ್ತು ಇಂಚು. ಅದು ಕ್ರೂಸರ್. ಮೂಲೆಯ ಆಚೀಚೆ ಕಾಲು ಹಾಕಿ ಕುಳಿತೆ. ಎರಡೂ ಪಾದ ನೆಲಕ್ಕೆ ಊರಿದವು.

ಆಮೇಲೆ ಚಹಾದವನ ರದ್ದಿ ಪತ್ರಿಕೆಯ ಕಟ್ಟು ಬಂತು, ಎರಡೂವರೆ ಇಂಚಿನದು. ಈಗ ಟೂರಿಂಗ್. ಹತ್ತಿ ಕುಳಿತರೆ ಹಿಮ್ಮಡಿಗಳು ಗಾಳಿಯಲ್ಲಿ, ಹೆಬ್ಬೆರಳು ಮಾತ್ರ ನೆಲ ಸವರುತ್ತಿತ್ತು.

"ನಿನ್ನ ಕೆಳಗೆ 196 ಕಿಲೋ ಗಾಡಿ ಇದೆ ಎಂದುಕೋ. ಜಗತ್ ಸರ್ಕಲ್ ಸಿಗ್ನಲ್. ಹಿಂದೆ ಆಟೋ ಹಾರ್ನ್ ಹೊಡೆಯುತ್ತಿದೆ" ಎಂದು ಮಾಸ್ತರ್ ಎಡಗಡೆಯಿಂದ ನನ್ನ ಭುಜವನ್ನು ಸ್ವಲ್ಪವೇ ಒತ್ತಿದ. ನಾನು, ಟವೆಲ್, ನಾಲ್ಕು ತಿಂಗಳ ಸುದ್ದಿ ಎಲ್ಲವೂ ಒಟ್ಟಿಗೆ ಬಲಕ್ಕೆ ಉರುಳಿದೆವು. ಚಹಾದ ಹುಡುಗ ಗ್ಲಾಸುಗಳನ್ನು ಎತ್ತಿ ಹಿಡಿದದ್ದರಿಂದ ನಷ್ಟ ನನಗೆ ಮಾತ್ರ ಆಯಿತು.

ಮೊಣಕೈ ಉಜ್ಜಿಕೊಳ್ಳುತ್ತಿರುವಾಗ ಮಿಸ್ತ್ರಿ ರಸ್ತೆ ದಾಟಿ ಬಂದ. ಯಾರನ್ನೂ ಕೇಳದೆ ನನ್ನ ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಟಾರ್ಚ್ ಹಾಕಿದ.

"ಸಾಹೇಬರೇ, ನಿಮ್ಮ ತೂಕ?"

"ತೊಂಬತ್ತೆರಡು."

"ಹಿಂದೆ ಮನೆಯವರು ಕೂಡುತ್ತಾರೆ. ಸಂತೆಯ ದಿನ ಚೀಲವೂ ಇರುತ್ತದೆ. ಇಲ್ಲಿ ನೋಡಿ, ಶಾಕ್ ಅಬ್ಸಾರ್ಬರಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ರಿಂಗ್ ಇದೆ. ಆರು ಮೆಟ್ಟಿಲು. ನಿಮ್ಮದು ಒಂದನೆಯದರ ಮೇಲೇ ಇದೆ. ಇದನ್ನು ನೀವು ಯಾವತ್ತೂ ತಿರುಗಿಸಿಲ್ಲವೇ?"

ಅಂಥದೊಂದು ರಿಂಗ್ ಇರುವುದೇ ನನಗೆ ಗೊತ್ತಿರಲಿಲ್ಲ. ಗಾಡಿಯ ಜೊತೆ ಬಂದ ಪುಸ್ತಕದ ಪ್ಲಾಸ್ಟಿಕ್ ಚೀಲವನ್ನು ನಾನಿನ್ನೂ ಹರಿದಿರಲಿಲ್ಲ. ಭಾರಕ್ಕೆ ಸ್ಪ್ರಿಂಗ್ ಮೊದಲೇ ಪೂರ್ತಿ ಕುಗ್ಗಿಬಿಟ್ಟರೆ ಗುಂಡಿ ಬಂದಾಗ ಕುಗ್ಗಲು ಜಾಗವೇ ಉಳಿಯುವುದಿಲ್ಲ, ತಳಕ್ಕೆ ಬಡಿದ ಏಟು ಸೊಂಟಕ್ಕೆ ಬರುತ್ತದೆ ಎಂದು ಮಿಸ್ತ್ರಿ ವಿವರಿಸಿದ. ಕೊಕ್ಕೆಯಂಥ ಪಾನಾ ಸಿಕ್ಕಿಸಿ ಎರಡೂ ಬದಿ ಟಕ್, ಟಕ್, ಟಕ್ ಎಂದು ನಾಲ್ಕನೆಯ ಮೆಟ್ಟಿಲಿಗೆ ಏರಿಸಿದ. ಎರಡು ನಿಮಿಷವೂ ಆಗಲಿಲ್ಲ. ಹಣ ಬೇಡವೆಂದು ಒಂದು ಭಜಿ ಎತ್ತಿಕೊಂಡ.

ಸೇಠನನ್ನು ಹಿಂದೆ ಕೂಡಿಸಿಕೊಂಡು ಓಣಿಯ ಕೊನೆಯ ಉಬ್ಬಿನ ಮೇಲೆ ಎರಡು ಸಲ ಹಾಯಿಸಿ ಬಂದೆ. ದಿನವೂ ಅಲ್ಲಿ ಕೇಳುತ್ತಿದ್ದ ಧಡ್ ಎಂಬ ಶಬ್ದವಿಲ್ಲ. ಸೊಂಟ ತೆಪ್ಪಗಿತ್ತು. ಗಾಡಿ ನಿಲ್ಲಿಸಿ ಕೆಳಗಿಳಿದೆ.

ವಕೀಲ ನನ್ನ ಮುಖವನ್ನೇ ನೋಡುತ್ತಿದ್ದ. "ರೋಗ ವಾಸಿಯಾಯಿತೆಂದು ಅಳುವ ರೋಗಿಯನ್ನು ಇವತ್ತೇ ನೋಡಿದೆ" ಎಂದ.

ಬರುವ ಭಾನುವಾರ ಇದೇ ಗಾಡಿಯಲ್ಲಿ ಮಳಖೇಡ, ಬೆಳಿಗ್ಗೆ ಆರಕ್ಕೆ, ಬಾಳೆಹಣ್ಣಿಗೆ ನಿಲ್ಲುವಂತಿಲ್ಲ ಎಂದು ಮಾಸ್ತರ್ ಠರಾವು ಮಾಡಿದ. ಮಳಖೇಡದ ದಾರಿಯಲ್ಲಿ ಕಮಲಾಪುರ ಬರುವುದೇ ಇಲ್ಲ ಎಂದು ಸೇಠ ತಿದ್ದಿದ. ದರ್ಜಿ ತನ್ನ ಟೇಪು ಇಸಿದುಕೊಂಡು ಹೋದ. ಎಲ್ಲರೂ ಎದ್ದರು.

"ಮಿಸ್ತ್ರಿ" ಎಂದೆ, ಆದಷ್ಟು ಮೆಲ್ಲಗೆ. "ಆ ಎತ್ತರದ ಗಾಡಿಗೆ ತಗ್ಗು ಸೀಟೂ ಸಿಗುತ್ತದಂತೆ, ಹೌದೇ?"

ಸೇಠ ಏನೂ ಮಾತನಾಡಲಿಲ್ಲ. ಆಗಷ್ಟೇ ಸ್ಕೂಟರಿಗೆ ಬಿಗಿದಿದ್ದ ಚೀಲಗಳ ಹಗ್ಗವನ್ನು ಮತ್ತೆ ಬಿಚ್ಚತೊಡಗಿದ.