ಒಂದು ಅಂಕಣ ಅಂದರೆ ಎಷ್ಟು ಜಾಗ?

ಎಲ್ಲರಿಗೂ ನಮಸ್ಕಾರ.

ಮನೆ ಕಟ್ಟುವವರ ಬಾಯಲ್ಲಿ ಬರುವ 'ಅಂಕಣ' ಎಂಬ ಪದದ ಬಗ್ಗೆ ಕೇಳಬೇಕಿದೆ. ಪತ್ರಿಕೆಯ ಅಂಕಣ ಅಲ್ಲ, ಕಬಡ್ಡಿ ಅಂಕಣವೂ ಅಲ್ಲ. 'ಮೂರಂಕಣದ ಮನೆ', 'ಆರಂಕಣದ ಮನೆ' ಅಂತಾರಲ್ಲ, ಆ ಅಂಕಣ. ನಿಮ್ಮ ಕಡೆ ಅದು ಎರಡು ತೊಲೆಗಳ ನಡುವೆ ಈ ಗೋಡೆಯಿಂದ ಆ ಗೋಡೆವರೆಗೆ ಹೋಗುವ ಉದ್ದನೆಯ ಪಟ್ಟಿಯೋ, ಇಲ್ಲ ನಾಲ್ಕು ಕಂಬಗಳ ನಡುವಿನ ಒಂದು ಚೌಕವೋ?

ಕೇಳಲು ಕಾರಣ ಇದೆ. ಚಿತ್ರದುರ್ಗ ಜಿಲ್ಲೆಯ ನಮ್ಮೂರಲ್ಲಿ ಹಳೇ ಕ್ರಮದಲ್ಲೇ ಮನೆ ಕಟ್ಟಿಸುತ್ತಿದ್ದೇನೆ. ಕಲ್ಲಿನ ಪಾಯ, ಮಣ್ಣಿನ ಗೋಡೆ, ಬೇವಿನ ಕಂಬ, ಮೇಲೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಬಡಿದ ಮಟ್ಟಸ ಚಾವಣಿ. ನಕ್ಷೆ ಬರೆದುಕೊಟ್ಟ ಇಂಜಿನಿಯರ್ ಮಾತಾಡುವುದೆಲ್ಲ ಚದರಡಿಯಲ್ಲಿ. ಮರಗೆಲಸದ ಹಿರಿಯರದು ಅಂಕಣದ ಲೆಕ್ಕ. 'ನಿಮಗೆ ನಾಲ್ಕಂಕಣ ಸಾಕು, ಬೇಕಾದರೆ ಹಿಂದೆ ಇನ್ನೊಂದಂಕಣ ಬಿಟ್ಟುಕೊಳ್ಳಿ' ಅಂದರು. ಪಟ್ಟಿ ಅಂತ ತಿಳಿದರೆ ಬರುವ ಜಾಗವೇ ಬೇರೆ, ಚೌಕ ಅಂತ ತಿಳಿದರೆ ಬರುವ ಜಾಗವೇ ಬೇರೆ. ಮರ ಎಷ್ಟು ತರಿಸಬೇಕು ಎಂಬ ಲೆಕ್ಕವೂ ಹಾಗೇ ಬದಲಾಗುತ್ತದೆ.

ನಿಘಂಟು ತೆಗೆದರೆ 'ಎರಡು ಕಂಬಗಳ ನಡುವಿನ ಜಾಗ' ಎಂಬ ಅರ್ಥ ಸಿಗುತ್ತದೆ. ಅದು ಸರಿಯೇ. ಆದರೆ ಮನೆ ಎಬ್ಬಿಸುವವರಿಗೆ ಅಷ್ಟು ಸಾಲದು. ಕೆಲವರು ಸುಲಭಕ್ಕೆ ಅಂಕಣ ಅಂದರೆ ಕೋಣೆ ಅಂದುಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಆರಂಕಣದ ಮನೆಯಲ್ಲಿ ಒಳಗೆ ಒಂದೂ ಅಡ್ಡಗೋಡೆ ಇಲ್ಲದಿರಬಹುದು. ಮುಂದಿನ ಅಂಕಣದಲ್ಲಿ ದನ ಕಟ್ಟುತ್ತಾರೆ, ಅದರ ಹಿಂದಿನದು ನಡುಮನೆ, ಮೂಲೆಯಲ್ಲಿ ಒಲೆ. ಎಲ್ಲಿ ಏನಿದೆ ಎಂದು ಹೇಳುವುದು ಕಂಬಗಳೇ, ಗೋಡೆಯಲ್ಲ.

ಮಾಳಿಗೆ ಮನೆ ನಿಲ್ಲುವ ಬಗೆ ನೋಡಿದರೆ ಈ ಪದ ಎಲ್ಲಿಂದ ಬಲ ಪಡೆಯಿತು ಎಂಬುದು ತಿಳಿಯುತ್ತದೆ. ಕಂಬದ ತಲೆಯ ಮೇಲೆ ಬೋದಿಗೆ, ಅಂದರೆ ತೊಲೆಗೆ ಆಸರೆ ಕೊಡುವ ಮರದ ತುಂಡು. ಬೋದಿಗೆಯ ಮೇಲೆ ತೊಲೆ. ತೊಲೆಯಿಂದ ತೊಲೆಗೆ ಅಡ್ಡಡ್ಡ ಜಂತೆ. ಜಂತೆಯ ಮೇಲೆ ಸಣ್ಣ ಕಟ್ಟಿಗೆ ಒತ್ತಾಗಿ ಜೋಡಿಸಿ, ಸೊಪ್ಪು ಹರಡಿ, ಮಣ್ಣು ಹಾಕಿ ಬಡಿಯುತ್ತಾರೆ. ಕೊನೆಗೆ ಚೌಳು ಮಣ್ಣು. ಚೌಳು ನೀರು ತಾಗಿದರೆ ನುಣ್ಣಗೆ ಕದಡಿ ಸಂದುಗೊಂದುಗಳನ್ನೆಲ್ಲ ಮುಚ್ಚುತ್ತದೆ, ಮಳೆನೀರು ಒಳಗೆ ಇಳಿಯುವುದಿಲ್ಲ. ಇಷ್ಟೆಲ್ಲ ಭಾರ ಹೊರುವುದು ಜಂತೆ. ಹಾಗಾಗಿ ಎರಡು ತೊಲೆಗಳ ನಡುವೆ ಎಷ್ಟು ಜಾಗ ಬಿಡಬಹುದು ಎಂಬುದು ಜಂತೆಯ ಉದ್ದಕ್ಕೆ, ಅದರ ದಪ್ಪಕ್ಕೆ ಬಿಟ್ಟದ್ದು. ಬೇವಿನಲ್ಲಿ ಉದ್ದಕ್ಕೆ ನೆಟ್ಟಗೆ ಇರುವ ಮರ ಸಿಗುವುದು ಕಷ್ಟ. ನಮ್ಮಲ್ಲಿ ಎಂಟಡಿಗೇ ನಿಲ್ಲಿಸಿದ್ದೇವೆ. ತೇಗ, ಮತ್ತಿ ಸಿಗುವ ಊರಲ್ಲಿ ಇನ್ನೂ ಅಗಲ ಬಿಡಬಹುದು, ಅಲ್ವಾ? ಅಂದರೆ ಅಂಕಣಕ್ಕೆ ಅಳತೆ ಕೊಟ್ಟದ್ದು ಆ ಊರಿನ ಮರ. 'ಉಂಡ ಮನೆಯ ಜಂತೆ ಎಣಿಸಬಾರದು' ಎಂಬ ಗಾದೆಯೂ ಇಂಥ ಮನೆಗಳಲ್ಲೇ ಹುಟ್ಟಿರಬೇಕು. ತಲೆ ಎತ್ತಿದರೆ ಜಂತೆ ಕಾಣಬೇಕು, ಎಣಿಸಿದರೆ ಮನೆಯವರ ಸ್ಥಿತಿಗತಿ ತಿಳಿಯಬೇಕು.

ಇನ್ನು ಚೌಕವೋ ಪಟ್ಟಿಯೋ ಎಂಬ ಮಾತು. ದೇವಸ್ಥಾನದ ಬಗ್ಗೆ ಬರೆಯುವವರು ಚೌಕ ಎಂಬ ಅರ್ಥದಲ್ಲೇ ಬಳಸುತ್ತಾರೆ. ಹೊಯ್ಸಳರ ಗುಡಿಗಳ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕಂಬದ ಮಂಟಪದಲ್ಲಿ, ನಡುವೆ ನಿಲ್ಲುವುದು ನಾಲ್ಕು ಕಂಬ, ಆದರೆ ಅಂಕಣ ಒಂಬತ್ತು. ನಡುವಿನದಕ್ಕೆ ಮಾತ್ರ ನಾಲ್ಕೂ ಮೂಲೆಯಲ್ಲಿ ಬಿಡಿ ಕಂಬ. ಸುತ್ತಲಿನ ಎಂಟಕ್ಕೆ ಗೋಡೆಯೂ ಆಸರೆ. ನಮ್ಮ ಮಾಳಿಗೆ ಮನೆಯ ಲೆಕ್ಕವೂ ಇದೇ ತರಹ ಇದೆ ಅಂತ ನನಗನಿಸುತ್ತದೆ. ಆರು, ಎಂಟು, ಹನ್ನೆರಡು ಅಂಕಣ ಅನ್ನುವಾಗ ಸಾಲು ಗುಣಿಸು ಸಾಲು ಎಂಬ ಎಣಿಕೆ ಕಾಣುತ್ತದೆ. ಆದರೆ ಹೆಂಚಿನ ಮನೆಯಲ್ಲಿ ನಡುವೆ ಕಂಬವೇ ಇಲ್ಲದೆ ಗೋಡೆಯಿಂದ ಗೋಡೆಗೆ ತೊಲೆ ಹಾಕಿದರೆ ಅಲ್ಲಿ ಚೌಕ ಎಲ್ಲಿಂದ ಬರಬೇಕು? ಅಲ್ಲಿ ಪಟ್ಟಿಯೇ ಅಂಕಣ ಆಗಿರಬೇಕು. ಮೂರಂಕಣ, ಐದಂಕಣ ಎಂಬ ಮಾತು ಅಂಥ ಮನೆಗಳಿಗೇ ಜಾಸ್ತಿ ಹೊಂದುತ್ತದೆ. ಇದು ನನ್ನ ಊಹೆ. ಬರೀ ಸಂಖ್ಯೆ ಹಿಡಿದು ತೀರ್ಮಾನ ಮಾಡುವಂತಿಲ್ಲ, ಮೂರು ಚೌಕ ಒಂದೇ ಸಾಲಲ್ಲಿ ಇದ್ದರೂ ಮೂರಂಕಣವೇ.

ಪಕ್ಕದ ತೆಲುಗಿನಲ್ಲಿ ಈ ಪದ ಬೇರೆ ದಾರಿ ಹಿಡಿದಿದೆ. ಅಲ್ಲಿ ಅಂಕಣಂ ಎಂಬುದು ಸೈಟು ಮಾರುವಾಗಿನ ಅಳತೆ. ನೆಲ್ಲೂರಿನ ಕಡೆ ಒಂದು ಅಂಕಣಂ ಅಂದರೆ 72 ಚದರಡಿ, ತಿರುಪತಿಯ ಕಡೆ 36. ಒಂದೇ ಪದ, ಒಂದೂರಿಗೆ ಇನ್ನೊಂದೂರಿನ ಎರಡರಷ್ಟು! ಖಾಲಿ ನೆಲಕ್ಕೆ ಕಂಬವೂ ಇಲ್ಲ, ತೊಲೆಯೂ ಇಲ್ಲ. ಆದರೂ ಪದ ಉಳಿದುಕೊಂಡಿದೆ. ನಮ್ಮಲ್ಲಿ ಆ ಜಾಗಕ್ಕೆ 'ಚದರ' ಬಂತು. ಹತ್ತು ಚದರದ ಮನೆ ಅಂದರೆ ಸಾವಿರ ಚದರಡಿ ಅಂತ ಎಲ್ಲರಿಗೂ ಗೊತ್ತು.

ಪತ್ರಿಕೆಯ ಅಂಕಣದ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ಇಂಗ್ಲಿಷಿನ ಕಾಲಂ ಅಂದರೆ ಕಂಬ. ಕನ್ನಡದವರು ಅದನ್ನು ಕಂಬ ಅನ್ನಲಿಲ್ಲ, ಕಂಬಗಳ ನಡುವಿನ ಜಾಗದ ಹೆಸರು ಕೊಟ್ಟರು. ಪುಟದಲ್ಲಿ ಎರಡು ಗೆರೆಗಳ ನಡುವೆ ತಾನೇ ಬರಹ ಇರುವುದು. ಇದು ತುಂಬಾ ಚೆನ್ನಾದ ಆಯ್ಕೆ ಅಂತ ನನಗನಿಸುತ್ತದೆ.

ನಮ್ಮ ಮನೆಯ ಹಳೇ ಪಾಲುಪಟ್ಟಿಯಲ್ಲಿ 'ಮೂಡಲ ಕಡೆ ಎರಡಂಕಣ ಹಿರಿಯವನಿಗೆ, ಪಡುವಲ ಕಡೆ ಎರಡಂಕಣ ಕಿರಿಯವನಿಗೆ' ಎಂದು ಬರೆದಿದ್ದಾರೆ. ಅಡಿ, ಮೊಳ, ಏನೂ ಇಲ್ಲ. ನಡುವೆ ಗೋಡೆ ಬಂದದ್ದು ಆಮೇಲೆ, ಅದೂ ತೊಲೆಯ ಕೆಳಗೇ. ಅಂಥ ಪತ್ರ ನಿಮ್ಮ ಮನೆಗಳಲ್ಲೂ ಇರಬಹುದು. ಪಾಲುಪಟ್ಟಿ, ಕ್ರಯಪತ್ರ, ಯಾವುದಾದರೂ ಸರಿ, ಅಂಕಣ ಎಂಬ ಪದ ಇದ್ದರೆ ಆ ಸಾಲನ್ನು ಹಾಗೇ ಬರೆದು ಕಳಿಸಿ. ಜೊತೆಗೆ ಯಾವ ಕಡೆಯದು, ಮನೆ ಮಾಳಿಗೆಯದೋ ಹೆಂಚಿನದೋ ಎಂದೂ ತಿಳಿಸಿ.

ಧಾರವಾಡ, ಬೆಳಗಾವಿ ಕಡೆಯವರು ಅಂಕಣಕ್ಕೆ 'ಖಣ' ಅಂತಲೂ ಹೇಳುತ್ತಾರೆ. ಮರಾಠಿಯಲ್ಲೂ ಅದೇ ಪದ ಇದೆ. ಆ ಕಡೆಯವರಲ್ಲಿ ಇನ್ನೊಂದು ಕೇಳಿಕೆ: ಖಣ, ಅಂಕಣ ಎರಡೂ ಒಂದೇ ಊರಲ್ಲಿ ನಡೆಯುತ್ತವೆಯೇ? ನಡೆದರೆ ಮೇಲ್ಮುದ್ದೆ ಮನೆಗೆ (ಮಣ್ಣಿನ ಮಾಳಿಗೆಯ ಮನೆಗೆ) ಒಂದು, ಹೆಂಚಿನ ಮನೆಗೆ ಇನ್ನೊಂದು ಎಂಬ ಭೇದ ಏನಾದರೂ ಇದೆಯೇ?