ರೋಮನ್ ನಾಣ್ಯದ ಹಿಂಬದಿಯ ಹೆಂಗಸು ಯಾರು? ತಲೆ ಕೆಟ್ಟುಹೋಗಿದೆ

ಸವಕಲು_ಬಿಲ್ಲೆ:
ಮ್ಯೂನಿಕ್‌ನ ಸಂತೆಯಲ್ಲಿ 12 ಯೂರೋಗೆ ತಗೊಂಡೆ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ನಿಂತಿರೋ ಹೆಂಗಸು. ಎಡಗೈಲಿ ಕೊಂಬು, ಕೆಳಗೆ ಚಾಚಿದ ಬಲಗೈಲಿ ಏನೋ ಇದೆ. ಪಕ್ಕದಲ್ಲಿ ‘ಎ ವಿ ಜಿ’. ಆಗಸ್ಟ್ ತಿಂಗಳಾ? ಮೂರು ಆ್ಯಪ್‌ಗೆ ಹಾಕಿದೆ, ಮೂರೂ ಬೇರೆ ಬೇರೆ ಹೆಸರು ಹೇಳ್ತಿವೆ.

ಟಂಕಸಾಲೆ:
ತೂಕ? ಅಗಲ? ಲೋಹ? ಫೋಟೋದಲ್ಲಿ ಚೆನ್ನಾಗಿ ಕಾಣ್ತಿರೋದು ನಿಮ್ಮ ಹೆಬ್ಬೆರಳು ಮಾತ್ರ. ‘ಎ ವಿ ಜಿ’ ಅಂದ್ರೆ ಅಗಸ್ಟಸ್, ಚಕ್ರವರ್ತಿಯ ಬಿರುದು. ‘ಯು’ ಜಾಗದಲ್ಲಿ ‘ವಿ’ ಕೆತ್ತೋರು.

ದುರ್ಗದ_ಹುಡುಗ:
ರೋಮ್ ಚಕ್ರವರ್ತಿ ಟೈಬೀರಿಯಸ್, ಅನುಮಾನವೇ ಬೇಡ. ನಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕಿದ್ದೂ ಅವನ ಬೆಳ್ಳಿ ನಾಣ್ಯ, ದಿನಾರಿಯಸ್ಸೇ.

ಟಂಕಸಾಲೆ:
ಆ ನಾಣ್ಯದ ಹೆಂಗಸು ಕೂತಿರ್ತಾಳೆ ಸಾರ್.

ದುರ್ಗದ_ಹುಡುಗ:
ಇಷ್ಟು ಸವೆದ ಮೇಲೆ ಕೂತಿದ್ದೋ ನಿಂತಿದ್ದೋ ಯಾರಿಗೆ ಗೊತ್ತು? ಟೈಬೀರಿಯಸ್ಸೇ.

ಕೊಳಗ:
ಅದು ಸಮೃದ್ಧಿಯ ಕೊಂಬು. ಅದನ್ನ ನೋಡಿ ಹೆಸರು ಹೇಳಕ್ಕಾಗಲ್ಲ, ಅರ್ಧ ಡಜನ್ ದೇವತೆಯರ ಕೈಲಿ ಅದೇ ಇದೆ. ಬಲಗೈ ನೋಡಿ. ತಕ್ಕಡಿ ಆದ್ರೆ ನ್ಯಾಯದ ದೇವತೆ ಅಕ್ವಿಟಾಸ್ ಅಥವಾ ನಾಣ್ಯದ ದೇವತೆ ಮೊನೇಟಾ. ಚುಕ್ಕಾಣಿ ಆದ್ರೆ ಅದೃಷ್ಟದೇವತೆ ಫಾರ್ಚುನಾ. ತೆನೆ ಹಿಡಿದು ಕಾಲ ಬಳಿ ಧಾನ್ಯದ ಕೊಳಗ ಇದ್ರೆ ಅನ್ನೋನಾ, ಅಂದ್ರೆ ರೋಮ್ ಪಟ್ಟಣದ ಪಡಿತರ. ‘ನಿಮಗೆ ಅನ್ನ ಹಾಕ್ತಿರೋನು ನಾನೇ’ ಅಂತ ರಾಜ ಹೇಳಿಕೊಳ್ಳೋ ರೀತಿ ಅದು. ಕಾಲ ಹತ್ರ ಉಂಡೆನೋ, ಪಾತ್ರೆನೋ?

ಸವಕಲು_ಬಿಲ್ಲೆ:
ಒಂದು ಉಬ್ಬು ಇದೆ. ತಕ್ಕಡಿ ಅಲ್ಲ. ರಾಜನ ಕಿರೀಟದಲ್ಲಿ ಮುಳ್ಳುಮುಳ್ಳಾಗಿದೆ, ಎಲ್ಲಾ ರಾಜರಿಗೂ ಕಿರೀಟ ಇರುತ್ತಲ್ಲ ಅಂತ ಬರೀಲಿಲ್ಲ.

ಟಂಕಸಾಲೆ:
ಅಯ್ಯೋ, ಮೊದಲು ಹೇಳಬೇಕಿದ್ದೇ ಅದು! ಮುಳ್ಳಲ್ಲ, ಸೂರ್ಯಕಿರಣ. ಮಾಮೂಲಿ ನಾಣ್ಯದ ಎರಡು ಪಟ್ಟು ಬೆಲೆ ಅನ್ನೋ ಗುರುತು. ರಾಣಿಯರಿಗಾದ್ರೆ ಎದೆಮಟ್ಟದ ಚಿತ್ರದ ಕೆಳಗೆ ಅರ್ಧಚಂದ್ರ. ಚಕ್ರವರ್ತಿ ಕರಾಕಲ್ಲ ಕ್ರಿ.ಶ. 215ರಲ್ಲಿ ತಂದ ಬೆಳ್ಳಿ ನಾಣ್ಯ ಇದೇ ಜಾತಿ, ಆಮೇಲೆ ಬೆಳ್ಳಿ ಇಳೀತಾ ಇಳೀತಾ ತಾಮ್ರಕ್ಕೆ ಲೇಪ ಹಚ್ಚೋ ಮಟ್ಟಕ್ಕೆ ಬಂತು. ಅಂಚಲ್ಲಿ ಕೆಂಪು ಕಾಣುತ್ತಾ?

ಪಾಲಿಶ್_ಪಾಪಣ್ಣ:
ಹುಣಸೆಹಣ್ಣು ಹಾಕಿ ಉಜ್ಜಿ, ಎಲ್ಲಾ ಕಾಣುತ್ತೆ.

ಕೊಳಗ:
ದಯವಿಟ್ಟು ಬೇಡ! ಹುಳಿ ತಗುಲಿದ್ರೆ ಉಳಿದಿರೋ ಲೇಪವೂ ಹೋಗುತ್ತೆ. ಕತ್ತಲೆ ಕೋಣೆಲಿ ಟಾರ್ಚ್ ಅಡ್ಡ ಹಿಡಿದು ಫೋಟೋ ತೆಗೀರಿ, ನೆರಳಲ್ಲಿ ಗೆರೆ ಏಳುತ್ತೆ.

ಪಾಲಿಶ್_ಪಾಪಣ್ಣ:
ನನ್ನ ಹತ್ರ ನೂರೈವತ್ತಿವೆ, ಎಲ್ಲಾ ಫಳಫಳ. ಮೈಕ್ರೋಸ್ಕೋಪೂ ಇದೆ, ಫೋಟೋ ಹಾಕ್ಲಾ?

ದುರ್ಗದ_ಹುಡುಗ:
ಟೈಬೀರಿಯಸ್‌ಗೂ ಕಿರೀಟ ಇತ್ತು.

ಟಂಕಸಾಲೆ:
ಅದು ಲಾರೆಲ್ ಎಲೆ ಹಾರ ಮಾರಾಯ್ರೇ.

ಸವಕಲು_ಬಿಲ್ಲೆ:
ಟಾರ್ಚ್ ಹಿಡಿದೆ. ಉಬ್ಬಿನ ಮೇಲಂಚಲ್ಲಿ ಮೂರು ಕಡ್ಡಿ ನೆಟ್ಟಗೆ ನಿಂತಿವೆ, ಕೈಲಿರೋದೂ ಹಾಗೇ ಇದೆ. ಅಂಚು ಕೆಂಪೇ.

ಕೊಳಗ:
ಕೊಳಗದಿಂದ ತೆನೆ! ಅನ್ನೋನಾ. ಯಾವ ರಾಜ ಅಂತ ಹೇಳೋಕೆ ತಲೆ ಸುತ್ತ ಇರೋ ಅಕ್ಷರ ಬೇಕು. ತೂಕ ಹಾಕಿದ್ರಾ?

ಸವಕಲು_ಬಿಲ್ಲೆ:
ಮನೇಲಿರೋದು ಅಡುಗೆ ತಕ್ಕಡಿ, ಸೊನ್ನೆ ತೋರಿಸ್ತಿದೆ.