ಹದಿನೈದು ವರ್ಷ ಬಿಟ್ಟವರು ಮತ್ತೆ ಯಾವ ಗೇಮ್ ಆಡಬಹುದು?

ಹೊಸನಗರ ಕಡೆಯಿಂದ ಬಂದ ಪ್ರಶ್ನೆ:
ಕಾಲೇಜಿನ ಕಾಲಕ್ಕೆ ರೋಡ್ ರ‍್ಯಾಷ್, ವೈಸ್ ಸಿಟಿ, ಏಜ್ ಆಫ್ ಎಂಪೈರ್ಸ್ ಆಡಿ ಬಿಟ್ಟಿದ್ದು. ಈಗ ಇರೋದು 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ (ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ) ಮತ್ತು ಒಂದು ಆಂಡ್ರಾಯ್ಡ್ ಫೋನ್. ರಾತ್ರಿ ಊಟ ಆದಮೇಲೆ ಮುಕ್ಕಾಲು ಗಂಟೆ ಸಿಗುತ್ತೆ. ಹೊಸ ಗೇಮ್ ತೆರೆದರೆ ಯಾವ ಬಟನ್ ಯಾಕೆ ಅಂತ ಕಲಿಯುವಷ್ಟರಲ್ಲಿ ನಿದ್ದೆ ಬರುತ್ತೆ. ಕರೆಂಟ್, ನೆಟ್ ಎರಡನ್ನೂ ನಂಬುವ ಹಾಗಿಲ್ಲ. ಗುಂಡು ಹೊಡೆಯುವ ಆಟ ಬೇಡ. ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ಹೆಸರು ಹುಡುಕೋ ಮೊದಲು ಒಂದು ವಿಷಯ ನೋಡಿ. ಆಟದ ಮಧ್ಯೆ ಥಟ್ಟನೆ ಎದ್ದು ಹೋದರೆ ಎಷ್ಟು ಕಳೆದುಹೋಗುತ್ತೆ? ನಿಮ್ಮ ಪರಿಸ್ಥಿತಿಗೆ ರೇಟಿಂಗ್, ಗ್ರಾಫಿಕ್ಸ್ ಎಲ್ಲ ಆಮೇಲಿನ ಮಾತು. ಕೆಲವು ಆಟಗಳನ್ನು ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಕೆಲವು ತಾವು ಗುರುತು ಮಾಡಿದ ಜಾಗದಲ್ಲಿ ಮಾತ್ರ ಸೇವ್ ಆಗುತ್ತವೆ, ಅಲ್ಲಿಗೆ ಮುಟ್ಟುವ ಮೊದಲು ಕರೆಂಟ್ ಹೋದರೆ ಅರ್ಧ ಗಂಟೆಯ ಆಟ ನೀರಿಗೆ ಹೋಯ್ತು. ಆನ್‌ಲೈನ್ ಆಟದಲ್ಲಿ ನಿಲ್ಲಿಸೋದು ಅನ್ನೋದೇ ಇಲ್ಲ, ಅವನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಎಷ್ಟು ಒಳ್ಳೆ ಹೆಸರಿದ್ದರೂ ಸರಿ.

ಇನ್ನೊಂದು, ಬಟನ್ ವಿಚಾರ. ಬರೀ ಮೌಸ್‌ನಲ್ಲಿ ಆಡುವಂಥವನ್ನು ಮೊದಲು ಹಿಡೀರಿ: ಮಿನಿ ಮೆಟ್ರೊ, ಸ್ಲೇ ದ ಸ್ಪೈರ್, ಇಂಟು ದ ಬ್ರೀಚ್ (ಚದುರಂಗದ ಥರ ಸರದಿ ಪ್ರಕಾರ ಆಡುವುದು). ಮಿನಿ ಮೆಟ್ರೊದಲ್ಲಿ ಗಡಿಯಾರ ನಿಲ್ಲಿಸಿಟ್ಟುಕೊಂಡೇ ಮೆಟ್ರೊ ಲೈನ್ ಎಳೆಯಬಹುದು, ಒಂದು ಆಟ ಸುಮಾರು ಕಾಲು ಗಂಟೆ. ಸ್ಲೇ ದ ಸ್ಪೈರ್ ಇಸ್ಪೀಟ್ ಎಲೆ ಹಾಕುವ ಥರದ ಆಟ. ನೀವು ಎಲೆ ಎಸೆಯುವ ತನಕ ಎದುರಾಳಿ ಕಾಯ್ತಾನೆ. ಪೂರ್ತಿ ಆಟ ಒಂದು ಗಂಟೆ ದಾಟಬಹುದು, ಆದರೆ ಪ್ರತಿ ಕೋಣೆ ಹೊಕ್ಕಾಗ ತಾನೇ ಸೇವ್ ಆಗುತ್ತೆ. ಜಗಳದ ನಡುವೆ ಬಿಟ್ಟು ಹೋದರೆ ಆ ಒಂದು ಜಗಳ ಮಾತ್ರ ಮೊದಲಿಂದ. ಹೊಸಬರು ಅಲ್ಲಿ ಸೋಲೋದು ಸಿಕ್ಕ ಸಿಕ್ಕ ಎಲೆಯನ್ನೆಲ್ಲ ಸೇರಿಸಿಕೊಂಡು. ಕಟ್ಟು ದಪ್ಪ ಆದಷ್ಟೂ ಬೇಕಾದ ಎಲೆ ಕೈಗೆ ಬರೋದು ನಿಧಾನ. ಬೇಡ ಅನ್ನಿಸಿದರೆ ಬಿಟ್ಟುಬಿಡುವ ಆಯ್ಕೆ ಇದೆ, ಅದನ್ನು ಧಾರಾಳ ಬಳಸಿ.

ಶಿವಮೊಗ್ಗದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಮೌಸ್ ಒಂದೇ ಅಂತ ಹಟ ಹಿಡಿದರೆ ಸ್ಟಾರ್‌ಡ್ಯೂ ವ್ಯಾಲಿ ತಪ್ಪಿಹೋಗುತ್ತೆ. 2016ರದ್ದು, ಒಬ್ಬನೇ ವ್ಯಕ್ತಿ ಮಾಡಿದ್ದು, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಡೌನ್‌ಲೋಡ್ ಹೆಚ್ಚುಕಡಿಮೆ ಅರ್ಧ ಜಿಬಿ. ಅಜ್ಜನ ಹಾಳುಬಿದ್ದ ಹೊಲವನ್ನು ಮತ್ತೆ ಊರ್ಜಿತ ಮಾಡೋದು ಆಟ. (ಹಗಲೆಲ್ಲ ತೋಟ ಮಾಡಿ ರಾತ್ರಿಯೂ ತೋಟವಾ ಅಂತ ಕೇಳಬೇಡಿ. ಇಲ್ಲಿ ಮಂಗನ ಕಾಟ ಇಲ್ಲ, ಕೊಳೆರೋಗವೂ ಇಲ್ಲ.)

ಆಟದ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ, ಮಲಗಿದಾಗ ಮಾತ್ರ ಸೇವ್. ಹಾಗಾಗಿ ಲ್ಯಾಪ್‌ಟಾಪ್ ದಿಢೀರ್ ಆಫ್ ಆದರೂ ಹೋಗೋದು ಒಂದು ದಿನ ಅಷ್ಟೇ. ಮುಕ್ಕಾಲು ಗಂಟೆಯಲ್ಲಿ ಮೂರು ದಿನ ಆರಾಮ. ಎಡವೋದು ಎಲ್ಲಿ ಅಂದರೆ, ಪ್ರತಿ ಋತು 28 ದಿನ, ಋತು ಬದಲಾದ ಬೆಳಗ್ಗೆ ಹಿಂದಿನ ಋತುವಿನ ಬೆಳೆ ಒಣಗಿ ನಿಂತಿರುತ್ತೆ. ವಸಂತದಲ್ಲಿ ಹೂಕೋಸಿಗೆ 12 ದಿನ ಬೇಕು. 16ನೇ ತಾರೀಕು ದಾಟಿದ ಮೇಲೆ ನೆಟ್ಟರೆ ಬೀಜದ ದುಡ್ಡು ದಂಡ. ಪಾರ್ಸ್ನಿಪ್ ನಾಲ್ಕೇ ದಿನ, ಆಲೂಗಡ್ಡೆ ಆರು. ಸ್ಟ್ರಾಬೆರಿ ಬೀಜ ಸಿಗೋದು 13ನೇ ತಾರೀಕಿನ ಮೊಟ್ಟೆ ಹಬ್ಬದಲ್ಲಿ ಮಾತ್ರ, ಅಷ್ಟರೊಳಗೆ ಕೈಯಲ್ಲಿ ಕಾಸು ಉಳಿಸಿಕೊಳ್ಳಿ. ಮೀನು ಹಿಡಿಯೋದು ಹೊಸಬರಿಗೆ ಭಾರಿ ಕಷ್ಟ, ಎಷ್ಟೋ ಜನ ಆಟ ಬಿಡೋದು ಅಲ್ಲೇ. ಮೀನಂಗಡಿಯಲ್ಲಿ 25 ನಾಣ್ಯಕ್ಕೆ ಕಲಿಕೆಯ ಗಾಳ ಸಿಗುತ್ತೆ. ಅದರಲ್ಲಿ ಮೀನನ್ನು ಒಳಗೆ ಹಿಡಿದಿಡಬೇಕಾದ ಹಸಿರು ಪಟ್ಟಿ ಉದ್ದ ಇರೋದರಿಂದ ಕೈ ಪಳಗುತ್ತೆ. ಇನ್ನು ಮೊದಲ ವಾರ ಹತ್ತು–ಹದಿನೈದು ಗಿಡಕ್ಕಿಂತ ಜಾಸ್ತಿ ಬೇಡ, ನೀರು ಹಾಕೋದರಲ್ಲೇ ಶಕ್ತಿಯೆಲ್ಲ ಖಾಲಿಯಾಗಿ ಬೇರೆ ಏನೂ ಆಗಲ್ಲ.

ಸಾಗರದಿಂದ:
ಸ್ಟಾರ್‌ಡ್ಯೂ ನನ್ನ ಲೆಕ್ಕದಲ್ಲಿ ಎರಡನೆಯದು. ತಿಂಗಳಾದ ಮೇಲೆ ಅದೂ ದಿನಚರಿ ಥರ ಆಗುತ್ತೆ. ಏಜ್ ಆಫ್ ಎಂಪೈರ್ಸ್ ರುಚಿ ಇದ್ದವರಿಗೆ ಓಪನ್‌ಟಿಟಿಡಿ ಹೇಳ್ತೀನಿ, ಬಸ್, ರೈಲು ಓಡಿಸಿ ಸಾರಿಗೆ ಕಂಪನಿ ಬೆಳೆಸುವ ಆಟ. ತೊಂಬತ್ತರ ದಶಕದ ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್ ಮಾದರಿಯಲ್ಲಿ ಸ್ವಯಂಸೇವಕರು ಕಟ್ಟಿದ್ದು. ಪೂರ್ತಿ ಉಚಿತ, ಜಾಹೀರಾತಿಲ್ಲ. ಮೊದಲ ಸಲ ತೆರೆದಾಗ ಚಿತ್ರಗಳ ಕಟ್ಟನ್ನು ನೆಟ್‌ನಿಂದ ಇಳಿಸಿಕೊಳ್ಳಲು ಕೇಳುತ್ತೆ, ಅದಾದ ಮೇಲೆ ನೆಟ್ ಬೇಕಿಲ್ಲ. ಅಕ್ಷರ ಇರುವೆಯಷ್ಟು ಕಂಡರೆ ಗೇಮ್ ಆಪ್ಷನ್ಸ್‌ನಲ್ಲಿ ಇಂಟರ್‌ಫೇಸ್ ಗಾತ್ರ ದುಪ್ಪಟ್ಟು ಮಾಡಿ. ಆಟೋಸೇವ್ 10 ನಿಮಿಷಕ್ಕೆ ಇಡಿ. ವಾಹನ ಕೆಡುವುದನ್ನು ಆಫ್ ಮಾಡಿ, ಹಳೇ ಗಾಡಿ ತಾನೇ ಹೊಸದಾಗುವ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ಗಾಡಿ ನೋಡಿಕೊಳ್ಳೋದೇ ಆಟ ಆಗಿಬಿಡುತ್ತೆ.

ಮೊದಲ ಸಾಲದ ದುಡ್ಡು ಕರಗೋದು ಊರಿಂದ ಊರಿಗೆ ಬಸ್ ಓಡಿಸಲು ಹೋಗಿ. ಕಲ್ಲಿದ್ದಲು ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಒಂದು ರೈಲು ಹಾಕಿ. ಬಾಡಿಗೆ ಸಿಗೋದು ಎರಡು ನಿಲ್ದಾಣದ ನಡುವಿನ ದೂರ ಮತ್ತು ತಲುಪಲು ಹಿಡಿದ ದಿನ ನೋಡಿ. ತೀರಾ ಹತ್ತಿರ ಇದ್ದರೆ ಇಂಜಿನ್ ಖರ್ಚೂ ಹುಟ್ಟಲ್ಲ. ಗುಡ್ಡ ಹತ್ತಿಸಬೇಡಿ, ಉಗಿ ಇಂಜಿನ್ ಏರಿನಲ್ಲಿ ತೆವಳುತ್ತೆ.

ಏಜ್ ಆಫ್ ಎಂಪೈರ್ಸ್ 2 ಬೇಕೇ ಬೇಕು ಅಂದರೆ 2019ರ ಡೆಫಿನಿಟಿವ್ ಎಡಿಷನ್ ಇದೆ. ಅದು 30 ಜಿಬಿ ಜಾಗ ಕೇಳುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ದೊಡ್ಡ ಯುದ್ಧ ಆದಾಗ ತಡವರಿಸಬಹುದು.

ಕೊಪ್ಪದಿಂದ:
ಆಟ ಆರಿಸೋದು ಸುಲಭ ಮಾರಾಯ್ರೆ, ಇಳಿಸೋದು ಕಷ್ಟ. ಲೆಕ್ಕ ಹಾಕಿ. 20 ಎಂಬಿಪಿಎಸ್ ಲೈನ್ ಅಂದರೆ ಸೆಕೆಂಡಿಗೆ ಎರಡೂವರೆ ಎಂಬಿ, ಎಲ್ಲ ಸರಿ ಇದ್ದರೆ ಗಂಟೆಗೆ 9 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಡೇಟಾದಲ್ಲಿ 30 ಜಿಬಿ ಆಟಕ್ಕೆ 20 ದಿನ. ಸ್ಟೀಮ್‌ನಲ್ಲಿ (ಆಟ ಮಾರುವ ಆನ್‌ಲೈನ್ ಅಂಗಡಿ) ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಮತ್ತೆ ಅಲ್ಲಿಂದಲೇ ಮುಂದುವರಿಯುತ್ತೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಅಪ್‌ಡೇಟ್‌ಗೆ. ಆಡಲು ಕೂತಾಗಲೇ ಶುರುವಾಗುತ್ತೆ. ಡೌನ್‌ಲೋಡ್ ಸೆಟ್ಟಿಂಗಿನಲ್ಲಿ ಅಪ್‌ಡೇಟ್ ಸಮಯವನ್ನು ಬೆಳಗಿನ ಜಾವಕ್ಕೆ ಕಟ್ಟಿಹಾಕಿ, ಆ ಹೊತ್ತಿಗೆ ಲ್ಯಾಪ್‌ಟಾಪ್, ಸ್ಟೀಮ್ ಎರಡೂ ಆನ್ ಇರಬೇಕು ಅಷ್ಟೆ.

ಮಳೆಗಾಲಕ್ಕೆ ಮುಂಚೆ ಇದೊಂದು ಮಾಡಿಡಿ: ನೆಟ್ ಇರುವಾಗಲೇ ಆಟ ಪೂರ್ತಿ ಅಪ್‌ಡೇಟ್ ಮಾಡಿ, ಒಮ್ಮೆ ತೆರೆದು ಮೆನುವರೆಗೆ ಹೋಗಿ ಮುಚ್ಚಿ, ಆಮೇಲೆ ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ. ಒಮ್ಮೆಯೂ ತೆರೆಯದ ಆಟ ನೆಟ್ ಹೋದ ದಿನ ಕೈಕೊಡುತ್ತೆ. ಗಾಗ್ ಅಂತ ಇನ್ನೊಂದು ಅಂಗಡಿ ಇದೆ, ಅಲ್ಲಿ ಕೊಂಡ ಆಟದ ಇನ್‌ಸ್ಟಾಲರ್ ಫೈಲನ್ನೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ತರಬಹುದು. ಶಿವಮೊಗ್ಗದಲ್ಲಿ ನೆಂಟರ ಮನೆ ಫೈಬರ್ ಇದ್ದರೆ ಇದೇ ಸಲೀಸು. ಎರಡು ಕಂಪ್ಯೂಟರಲ್ಲಿ ಆಡ್ತೀರಾದರೆ ನೆಟ್ ಬಂದಾಗ ‘ಕ್ಲೌಡ್‌ನ ಸೇವ್ ಬೇಕೋ, ಇಲ್ಲಿಯದು ಬೇಕೋ’ ಅಂತ ಸ್ಟೀಮ್ ಕೇಳಬಹುದು. ತಾರೀಕು, ಸಮಯ ನೋಡದೆ ಒತ್ತಿದರೆ ಹೊಸ ಆಟ ಅಳಿಸಿ ಹಳೇದು ಕೂರುತ್ತೆ.

ಕರೆಂಟ್ ವಿಚಾರ. ಇನ್ವರ್ಟರ್ ಇದ್ದರೆ ಲ್ಯಾಪ್‌ಟಾಪಿನ 65 ವಾಟ್ ಚಾರ್ಜರ್ ಅದಕ್ಕೆ ಭಾರ ಅಲ್ಲ. ಬ್ಯಾಟರಿ ತೀರಾ ಇಳಿದಾಗ ಹೈಬರ್ನೇಟ್ (ತೆರೆದಿದ್ದನ್ನೆಲ್ಲ ಹಾಗೇ ಉಳಿಸಿಕೊಂಡು ಆಫ್) ಆಗುವಂತೆ ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಹೊಂದಿಸಿ. ಏಪ್ರಿಲ್–ಮೇ ಗುಡುಗು ಶುರುವಾದ ಕೂಡಲೇ ಚಾರ್ಜರ್ ಮತ್ತು ರೂಟರ್ ಅಡಾಪ್ಟರ್ ಎರಡನ್ನೂ ಕಿತ್ತುಬಿಡಿ. ಫೈಬರ್ ಗಾಜಿನ ಎಳೆಯಲ್ಲಿ ಸಿಡಿಲು ಬರಲ್ಲ, ಅಡಾಪ್ಟರ್ ಮೂಲಕ ಬರುತ್ತೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಮತ್ತೆ ಕಂಬಳಿ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಬೇಡಿ. ಅಡಿಯ ಗಾಳಿಕಿಂಡಿ ಮುಚ್ಚಿ ಬಿಸಿಯಾಗುತ್ತೆ, ಪ್ರೊಸೆಸರ್ ವೇಗ ತಾನೇ ಇಳಿಸುತ್ತೆ, ಆಟ ಎಳೆಯುತ್ತೆ. ಎಷ್ಟೋ ಜನ ಅದನ್ನೇ ಲ್ಯಾಪ್‌ಟಾಪ್ ಹಳೇದಾಯ್ತು ಅಂದುಕೊಳ್ತಾರೆ.

ಭದ್ರಾವತಿಯಿಂದ:
8 ಜಿಬಿ ಅಂದಿರಲ್ಲ, ಅದು ಒಂದೇ ರ‍್ಯಾಮ್ ಪಟ್ಟಿಯೋ ಎರಡೋ ನೋಡಿ. ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ. ಅಲ್ಲಿ ಎರಡು ಸ್ಲಾಟಲ್ಲಿ ಒಂದೇ ತುಂಬಿದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸಿ. ಬೇರೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಗ್ರಾಫಿಕ್ಸಿಗೂ ಇದೇ ರ‍್ಯಾಮ್ ಹಂಚಿಕೊಳ್ಳುತ್ತೆ. ಎರಡು ಪಟ್ಟಿ ಇದ್ದಾಗ ಡೇಟಾ ಓಡಾಡುವ ದಾರಿ ಅಗಲ ಆಗಿ ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತೆ. ಅದಾಗದಿದ್ದರೆ ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ 1280×720, ಫ್ರೇಮ್ ಸೆಕೆಂಡಿಗೆ 30ಕ್ಕೆ ಮಿತಿ ಇಡಿ.

ಫೋನಿಗೆ ಒಂದೇ ಮಾತು: ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಆಟ ನೋಡಿ. ಮಾನ್ಯುಮೆಂಟ್ ವ್ಯಾಲಿ, ಮಿನಿ ಮೆಟ್ರೊ, ಸ್ಟಾರ್‌ಡ್ಯೂ ಮೂರೂ ಆಂಡ್ರಾಯ್ಡಿನಲ್ಲಿವೆ. ‘ಉಚಿತ’ ಅಂತ ಬರೆದಿದ್ದು ಬಹುಪಾಲು ಜಾಹೀರಾತು ತೋರಿಸಲಿಕ್ಕೆ, ಇಲ್ಲವೇ ಕಾಯಿಸಿ ಕಾಯಿಸಿ ದುಡ್ಡು ಕೇಳಲಿಕ್ಕೆ ಕಟ್ಟಿದ್ದು. ಮಕ್ಕಳ ಕೈಗೆ ಫೋನ್ ಹೋಗುತ್ತಾದರೆ ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ದುಡ್ಡು ಕಟ್ಟಿ ಆಡುವ ರಮ್ಮಿ ಥರದವು 2025ರ ಕಾಯ್ದೆಯಿಂದಲೇ ನಿಷೇಧ, ಲಿಂಕ್ ಬಂದರೂ ಮುಟ್ಟಬೇಡಿ.

ಸೊರಬದಿಂದ:
ಕೊಳ್ಳುವ ಬಗ್ಗೆ ಯಾರೂ ಹೇಳಲಿಲ್ಲ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಮೆನು ತೆರೆದಿಟ್ಟು ಊಟಕ್ಕೆ ಎದ್ದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತೆ, ಮುಚ್ಚಿ ಏಳಿ. ಜೂನ್ ಕೊನೆ ಮತ್ತು ಡಿಸೆಂಬರ್ ಕೊನೆಗೆ ದೊಡ್ಡ ರಿಯಾಯಿತಿ ಬರುತ್ತೆ, ಬೇಕಾದ್ದನ್ನು ವಿಶ್‌ಲಿಸ್ಟಿಗೆ ಹಾಕಿ ಕಾಯಿರಿ. ಎಪಿಕ್ ಅಂಗಡಿಯಲ್ಲಿ ಪ್ರತಿ ಗುರುವಾರ ರಾತ್ರಿ ಉಚಿತ ಆಟ ಬದಲಾಗುತ್ತೆ. ಆದರೆ ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿದರೆ ಆ ಮುಕ್ಕಾಲು ಗಂಟೆ ಯಾವುದು ಆಡೋದು ಅನ್ನೋದರಲ್ಲೇ ಹೋಗುತ್ತೆ. ಎರಡು ಆಟ ಸಾಕು, ಒಂದು ದೊಡ್ಡದು, ಒಂದು ಚಿಕ್ಕದು. ಮುಚ್ಚುವಾಗ ‘ನಾಳೆ ಏನು ಮಾಡಬೇಕು’ ಅಂತ ಒಂದು ಸಾಲು ಫೋನಲ್ಲಿ ಬರೆದಿಡಿ.

ಪಾತ್ರದ ಕಣ್ಣಿಂದಲೇ ನೋಡ್ತಾ ನಡೆದಾಡುವ ಆಟ ಆಡಿದರೆ ಕೆಲವರಿಗೆ ತಲೆಸುತ್ತು ಬರುತ್ತೆ. ಸೆಟ್ಟಿಂಗಿನಲ್ಲಿ ಮೋಷನ್ ಬ್ಲರ್, ಕ್ಯಾಮೆರಾ ಶೇಕ್, ಹೆಡ್ ಬಾಬ್ ಆಫ್ ಮಾಡಿ, ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ಅಗಲ) 90ರ ಆಸುಪಾಸಿಗೆ ಏರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಓಪನ್‌ಟಿಟಿಡಿ ಹಾಕಿದೆ, ಕಲ್ಲಿದ್ದಲು ರೈಲು ಲಾಭದಲ್ಲಿದೆ. ಎರಡನೇ ರೈಲು ಬಿಟ್ಟ ಮೇಲೆ ಎರಡೂ ಎದುರುಬದುರು ನಿಂತು ಅಲ್ಲಾಡ್ತಿಲ್ಲ. ಎಂತ ಮಾಡೋದು?

ಸಾಗರದಿಂದ:
ಒಂಟಿ ಹಳಿಯ ನಡುವೆ ಸಿಗ್ನಲ್ ಹಾಕಿದ್ದೀರಿ, ಎರಡೂ ಒಳಗೆ ನುಗ್ಗಿವೆ. ಸಿಗ್ನಲ್ಲೇ ಇಲ್ಲದಿದ್ದರೆ ಎರಡನೇ ರೈಲು ಡಿಪೋದಿಂದ ಹೊರಗೇ ಬರ್ತಿರಲಿಲ್ಲ. ಈಗ ಒಂದು ರೈಲಿನ ಮೇಲೆ ಕ್ಲಿಕ್ ಮಾಡಿ ತಿರುಗಿಸುವ ಬಟನ್ ಒತ್ತಿ, ಹಿಂದೆ ಹೋಗಲಿ. ನಡುವಿನ ಸಿಗ್ನಲ್ ಎಲ್ಲ ಕೀಳಿ. ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ ಸ್ಟೇಷನ್ನಿನಲ್ಲಿ ಕ್ರಾಸಿಂಗ್ ಆಗುತ್ತಲ್ಲ, ಹಾಗೆ ನಡುವೆ ಒಂದು ಕಡೆ ಜೋಡಿ ಹಳಿ ಹಾಕಿ. ಉದ್ದ ನಿಮ್ಮ ದೊಡ್ಡ ರೈಲಿಗಿಂತ ಒಂದು ಚೌಕವಾದರೂ ಜಾಸ್ತಿ ಇರಲಿ, ಬಾಲ ಹೊರಗೆ ಉಳಿದರೆ ಮತ್ತೆ ಅದೇ ಕಥೆ. ಜೋಡಿಯ ಪ್ರತಿ ಹಳಿಯಲ್ಲೂ ರೈಲು ಹೊರಬೀಳುವ ತುದಿಗೆ ಏಕಮುಖ ಪಾತ್ ಸಿಗ್ನಲ್ ಇಡಿ, ಒಂದು ಹೋಗುವ ದಿಕ್ಕಿಗೆ, ಇನ್ನೊಂದು ಬರುವ ದಿಕ್ಕಿಗೆ. ಬೇರೆಲ್ಲೂ ಬೇಡ. ಮೂರನೇ ರೈಲು ಬೇಕೆನ್ನಿಸಿದಾಗ ಪೂರ್ತಿ ಜೋಡಿ ಹಳಿ ಮಾಡಿಬಿಡಿ, ಅಲ್ಲಿಯವರೆಗೆ ದುಡ್ಡು ಕೂಡಿಸಿಕೊಳ್ಳಿ.